ಯೂಗೊ ಬೀಸುವಾಗ ಕೊಟ್ಟ ಮಾತು

"ಬೂಟು ಬಿಚ್ಚಿ! ರೀ, ನಿಮಗೇ ಹೇಳ್ತಿರೋದು... ಬೂಟು ಬಿಚ್ಚಿ ಮೊದಲು!"

ನೆವೆನಾ ಬಿಚ್ಚಲಿಲ್ಲ. ಕಟ್ಟೆಯಿಂದ ಒಂದೇ ನೆಗೆತಕ್ಕೆ ಆ ಅಪರಿಚಿತನ ಹಾಯಿದೋಣಿಗೆ ಹಾರಿದವಳೇ, ಸೊಂಟದ ಚಾಕು ತೆಗೆದು ಬಿಗಿದುಕೊಂಡಿದ್ದ ಹಗ್ಗವನ್ನು ಕಚಕ್ಕನೆ ಕೊಯ್ದಳು.

"ಅಯ್ಯೋ! ಹೊಸ ಹಗ್ಗ ಅದು!"

"ಹಗ್ಗ ಹೊಸದು ಸರಿ, ಕಟ್ಟಿದವರ ತಲೆ ಎಲ್ಲಿತ್ತು? ತಗೊಳ್ಳಿ, ಇದನ್ನ ಹಿಡ್ಕೊಳ್ಳಿ. ಸ್ವಲ್ಪ ಸಡಿಲ ಬಿಡಿ... ಇನ್ನೂ ಬಿಡಿ! ಹಸು ಕಟ್ಟೋ ಗಂಟು ಹಾಕಿದೀರಲ್ಲ!"

"ಕುದುರೆ," ಎಂದ ಅವನು ಸಣ್ಣ ದನಿಯಲ್ಲಿ.

"ಏನು?"

"ಹಸುಗಲ್ಲ. ಕುದುರೆ ಕಟ್ಟೋ ಗಂಟು ಅದು."

ನೆವೆನಾ ಮೊದಲ ಬಾರಿಗೆ ಅವನ ಮುಖ ನೋಡಿದಳು. ಗಾಳಿಗೆ ಕೂದಲೆಲ್ಲ ಕಣ್ಣಿಗೆ ಬಿದ್ದಿತ್ತು. ಕೆನ್ನೆ ಕೆಂಪಾಗಿತ್ತು. ಕೋಪ ಮಾಡಿಕೊಳ್ಳಬೇಕೋ ಕೃತಜ್ಞತೆ ಹೇಳಬೇಕೋ ತಿಳಿಯದೆ ಒದ್ದಾಡುತ್ತಿದ್ದ ಎರಡು ಕಂದು ಕಣ್ಣುಗಳು... ಯಾಕೋ ಅವಳಿಗೆ ಅಲ್ಲಿಂದ ನೋಟ ಕೀಳಲು ಒಂದು ಗಳಿಗೆ ತಡವಾಯಿತು.

ದಕ್ಷಿಣದಿಂದ ಯೂಗೊ ಗಾಳಿ ಎದ್ದರೆ ನಮ್ಮ ಬೆತಿನಾದ ಬಂದರಿನಲ್ಲಿ ನೀರು ಕಟ್ಟೆಯ ಮಟ್ಟಕ್ಕೆ ಏರುತ್ತದೆ. ಗಿಡ್ಡ ಹಗ್ಗದಲ್ಲಿ ಬಿಗಿದ ದೋಣಿ ಕಲ್ಲಿಗೆ ಬಡಿದುಕೊಂಡು ಮೈ ಸೀಳಿಕೊಳ್ಳುತ್ತದೆ. ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಈ ಪುಣ್ಯಾತ್ಮ ಹುಟ್ಟಿ ಬೆಳೆದದ್ದು ಜ್ಯಾಕೊವೊ ಕಡೆಯ ಬಯಲುಸೀಮೆಯಲ್ಲಿ! ಅಲ್ಲಿ ಕಣ್ಣು ಹಾಯಿಸಿದಷ್ಟೂ ಗೋಧಿ, ಜೋಳ, ಬಿಳಿ ಕುದುರೆಗಳು. ಹೆಸರು ವಿಂಕೊ. ಕಸುಬು ಕುದುರೆ ಡಾಕ್ಟರು. ದೋಣಿಯಲ್ಲಿ ಬೂಟು ಹಾಕಬಾರದು ಅನ್ನುವ ಒಂದೇ ಒಂದು ನಿಯಮವನ್ನು ಎಲ್ಲೋ ಓದಿಕೊಂಡು ಸಮುದ್ರಕ್ಕೆ ಬಂದಿದ್ದ.

"ಥ್ಯಾಂಕ್ಸ್," ಎಂದ ಕೊನೆಗೂ. "ಆದ್ರೂ... ಬೂಟು?"

ನೆವೆನಾಗೆ ನಗು ಬಂತು. ಅದನ್ನು ಅವನಿಗೆ ತೋರಿಸದೆ ಕಟ್ಟೆಗೆ ಹಾರಿ ನಡೆದುಬಿಟ್ಟಳು.

*

ಮರುದಿನ ಅವನು ಹುಡುಕಿಕೊಂಡು ಬಂದದ್ದು ನೆವೆನಾಳ ಅಮ್ಮ ತೆರೆಜಾ ನಡೆಸುವ ಊಟದಮನೆಗೇ. ಜೊತೆಗೆ ಕರೆತಂದವರು ಶಿಮೆ ಮಾಮ. ತೆರೆಜಾಳ ಅಣ್ಣ, ದೋಣಿ ಕಟ್ಟುವವರು. ಆ ಹಳೇ ಮರದ ದೋಣಿ 'ಲಾಸ್ತಾ'ವನ್ನು ಅವನಿಗೆ ಮಾರಿಸಿದವರೂ ಅವರೇ.

"ಡಾಕ್ಟ್ರಿಗೆ ದಕ್ಷಿಣದಲ್ಲಿ ತ್ಸಾವ್ತಾತ್ ಹತ್ರ ಕೆಲಸ ಸಿಕ್ಕಿದೆಯಂತೆ ಕಣೆ. ದೋಣಿ ಅಲ್ಲಿಗೆ ಹೋಗ್ಬೇಕು. ವಾಪಸ್ ಬರೋ ಹಾಗಿಲ್ಲ. ನಿನ್ನ ಕೈಲಾಗುತ್ತಾ?" ಎಂದರು ಮಾಮ.

ಆಗದೆ ಏನು? ಅದೇ ಅವಳ ಕೆಲಸ. ಬೇರೆಯವರ ದೋಣಿಯನ್ನು ಹೇಳಿದ ಬಂದರಿಗೆ ಮುಟ್ಟಿಸುವುದು, ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿ ಮನೆಗೆ ಬರುವುದು. ಈ ಕರಾವಳಿಯ ಬಂದರುಗಳೆಲ್ಲ ಅವಳಿಗೆ ಗೊತ್ತು. ಆದರೆ ಯಾವ ಬಂದರಿನಲ್ಲೂ ಅವಳು ಉಳಿದವಳಲ್ಲ.

"ಒಂದು ವಾರ ಸಾಕು," ಎಂದು ಸಮುದ್ರದ ನಕ್ಷೆ ಹರಡಿದಳು. ಅದರ ಒಂದು ತುದಿಗೆ ಎಣ್ಣೆ ಬಾಟಲಿ, ಇನ್ನೊಂದಕ್ಕೆ ಅವನು ಊರಿಂದ ತಂದಿದ್ದ ತೋಳಿನಷ್ಟು ದಪ್ಪದ ಖಾರದ ಸಾಸೇಜು. "ಮೊದಲ ದಿನ ಪ್ಲೋಚೆ ಭೂಶಿರ ದಾಟಿ ರೊಗೊಜ್ನಿತ್ಸಾ. ಅಲ್ಲಿಂದ ಶೋಲ್ತಾ. ಆಮೇಲೆ ಹ್ವಾರ್, ಕೊರ್ಚುಲಾ, ಮ್ಲ್ಯೆತ್, ಶಿಪಾನ್... ಕೊನೆಗೆ ನಿಮ್ಮ ತ್ಸಾವ್ತಾತ್. ಬೆನ್ನಿಗೆ ವಾಯವ್ಯದ ಮಯೆಸ್ತ್ರಾಲ್ ಗಾಳಿ ಸಿಕ್ಕಿದ್ರೆ ಹೂವು ಎತ್ತಿದ ಹಾಗೆ ಹೋಗ್ಬಹುದು."

"ವಿಸ್ ದ್ವೀಪಕ್ಕೆ ಹೋಗಲ್ವಾ?"

"ಅದು ದಾರೀಲಿಲ್ಲ."

"ಲಾಸ್ತೊವೊ?"

"ಅದಂತೂ ಇನ್ನೂ ಆಚೆ! ಡಾಕ್ಟ್ರೇ, ನೇರ ಮೂಗು ಹಿಡಿಯೋದು ಬಿಟ್ಟು ಸುತ್ತಿ ಬಳಸಿ ಯಾಕೆ ಹಿಡೀತೀರಿ?"

ವಿಂಕೊ ನಕ್ಷೆಯ ಮೇಲೆ ಬೆರಳಿಟ್ಟು ಸುಮ್ಮನೆ ವಿಸ್‌ನ ಸುತ್ತ ಗೆರೆ ಎಳೆಯುತ್ತಾ ಕುಳಿತ. ಓದುಗರೇ, ನಿಮಗೆ ಅರ್ಥವಾಗಿರಬೇಕು. ದಾರಿ ಉದ್ದವಾದಷ್ಟೂ ಅವನಿಗೆ ಲಾಭ! ನಮ್ಮ ನೆವೆನಾಗೆ ಮಾತ್ರ ಹೊಳೆಯಲಿಲ್ಲ. ಗಾಳಿ ವಾಸನೆ ನೋಡಿ ನಾಳೆಯ ಹವೆ ಹೇಳುವ ಹುಡುಗಿ, ಎದುರಿಗೆ ಕೂತವನ ಮುಖ ಓದುವುದರಲ್ಲಿ ಶುದ್ಧ ದಡ್ಡಿ.

*

ಯೂಗೊ ನಿಲ್ಲಲಿಲ್ಲ.

ದಿನ ದಿನವೂ ಅದೇ ಬೂದು ಆಕಾಶ. ಬೆಚ್ಚಗಿನ, ಒದ್ದೆ ಗಾಳಿ. ಒಗೆದ ಬಟ್ಟೆ ಒಣಗದು, ಉಪ್ಪು ಡಬ್ಬಿಯಲ್ಲೇ ನೀರಾಗುವುದು, ಎಲ್ಲರ ತಲೆಯೂ ಭಾರ. ಗಂಡ ಹೆಂಡತಿ ಜಗಳವಾಡಿದರೆ "ಯೂಗೊ" ಅಂತಾರೆ. ಹಾಲು ಉಕ್ಕಿದರೂ "ಯೂಗೊ" ಅಂತಾರೆ. ಶಿಮೆ ಮಾಮನಂತೂ ಈ ಗಾಳಿಯಲ್ಲಿ ಒಂದು ಹಲಗೆಗೂ ಅಂಟು ಹಾಕರು, ದಿನವಿಡೀ ಇಸ್ಪೀಟು ಆಡಿ ಎಲ್ಲರ ಮೇಲೂ ರೇಗುತ್ತಾರೆ.

ದೋಣಿಗೆ ಎದುರು ಗಾಳಿ ಇರುವಾಗ ಹೊರಡುವುದೆಲ್ಲಿ? ಹೀಗಾಗಿ ಇಬ್ಬರೂ ದಿನಾ ಅದೇ ಮೇಜಿನಲ್ಲಿ ಕೂರುತ್ತಿದ್ದರು. ಮುಗಿದುಹೋದ ಯೋಜನೆಯನ್ನೇ ಮತ್ತೆ ಮತ್ತೆ ಮಾಡುತ್ತಿದ್ದರು. ನೀರು ಎಲ್ಲಿ ತುಂಬಿಸಬೇಕು? ಯಾವ ಕೊಲ್ಲಿಯಲ್ಲಿ ಲಂಗರು? ಮ್ಲ್ಯೆತ್‌ನಲ್ಲಿ ಯಾರ ಮನೆ ಊಟ?

ಈ ನಡುವೆ 'ನೀವು' ಹೋಗಿ 'ನೀನು' ಬಂದದ್ದು ಯಾವಾಗ ಅಂತ ಇಬ್ಬರಿಗೂ ನೆನಪಿಲ್ಲ.

"ನಿನ್ನ ಕುದುರೆಗಳು ಕಚ್ಚಲ್ವಾ?" ಎಂದು ಕೇಳಿದಳು ಒಂದು ದಿನ.

"ಕಚ್ತಾವೆ. ಆದ್ರೆ ಹೆದರಿಕೊಂಡಾಗ ಮಾತ್ರ. ನಿನ್ನ ಥರಾನೇ."

"ನಾನೇನು ಹೆದರಿಕೊಂಡಿದೀನಾ?"

"ನೀನು ಬೈಯೋದು ಹೆದರಿಕೆ ಆದಾಗಲೇ. ಆವತ್ತು ದೋಣೀಲಿ ನಿನ್ನ ಕೈ ನಡುಗ್ತಿತ್ತು, ನಾನು ನೋಡ್ದೆ."

ನೆವೆನಾ ಎರಡೂ ಕೈಯನ್ನು ಮೇಜಿನ ಕೆಳಗೆ ಸರಿಸಿದಳು. ಇಷ್ಟು ವರ್ಷದಲ್ಲಿ ಯಾರೂ ಅವಳ ಕೈ ನೋಡಿರಲಿಲ್ಲ. ಬೈಗುಳ ಕೇಳಿದ್ದರು, ಅಷ್ಟೇ.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. 'ಗಾಳಿ ನಿಲ್ಲಲಿ, ಬೇಗ ಹೊರಡೋಣ,' ಅನ್ನುವುದು ಒಂದು ಮನಸ್ಸು. 'ಹೊರಟರೆ ಒಂದು ವಾರ. ಆಮೇಲೆ ಅವನು ಅಲ್ಲಿ, ನಾನು ಬಸ್ಸಿನಲ್ಲಿ...' ಅನ್ನುವುದು ಇನ್ನೊಂದು. ಕಟ್ಟೆಗೆ ಹೋಗುವಳು, ಬರುವಳು. ಒರೆಸಿದ ಮೇಜನ್ನೇ ಮತ್ತೆ ಒರೆಸುವಳು.

ಒಂದು ಸಂಜೆ, ಕಿಟಕಿ ಬಾಗಿಲು ಗಾಳಿಗೆ ದಡಬಡ ಅನ್ನುವಾಗ, ವಿಂಕೊ ನಕ್ಷೆಯನ್ನು ಮಡಚಿ ಬದಿಗಿಟ್ಟ.

"ನೆವೆನಾ, ಒಂದು ಮಾತು. ಅಲ್ಲಿ ತಲುಪಿದ ಮೇಲೆ... ನೀನು ಬಸ್ಸು ಹತ್ತಬೇಡ."

"ಮತ್ತೆ?"

"ನನ್ನ ಜೊತೆ ಉಳ್ಕೋ. ನಂಗೆ ಸುತ್ತಿ ಬಳಸಿ ಹೇಳೋಕೆ ಬರಲ್ಲ. ನಿನ್ನ ಬಿಟ್ಟು ಅಲ್ಲಿ ಹೇಗಿರೋದು ಅಂತ ಯೋಚನೆ ಮಾಡಿದ್ರೆ ಊಟ ಸೇರ್ತಿಲ್ಲ. ಮದುವೆ ಆಗೋಣ್ವಾ?"

ನೆವೆನಾಗೆ ಹೌದು ಅನ್ನುವ ಮಾತು ನಾಲಿಗೆ ತುದಿಗೇ ಬಂತು...

ಅಷ್ಟರಲ್ಲಿ ಕಿಟಕಿ ಮತ್ತೆ ಬಡಿಯಿತು. ಯೂಗೊ.

ಅವಳ ರಕ್ತದಲ್ಲಿ ಇಳಿದುಹೋದ ಮಾತೊಂದಿದೆ. ನಮ್ಮ ಕಡೆ ಯೂಗೊ ಬೀಸುವಾಗ ಯಾರೂ ದೊಡ್ಡ ತೀರ್ಮಾನ ಮಾಡುವುದಿಲ್ಲ. ಮನೆ ಮಾರರು, ಮಗಳ ಮದುವೆ ಮಾತಾಡರು. ತಲೆ ನೆಟ್ಟಗಿರದ ಹೊತ್ತಿನ ಮಾತಿಗೆ ಬೆಲೆ ಇಲ್ಲ. ಅದರಲ್ಲೂ ಈ ಮನೆಯಲ್ಲಿ! ನೆವೆನಾ ಹೊಟ್ಟೆಯಲ್ಲಿದ್ದಾಗಲೇ ಅವಳಪ್ಪ ಹಡಗು ಹತ್ತಿ ಹೋದವನು ತಿರುಗಿ ಬಂದಿರಲಿಲ್ಲ. "ಅವನು ನನ್ನ ಕೇಳಿದ್ದು ಯೂಗೊದಲ್ಲಿ, ನಾನು ಹೂಂ ಅಂದದ್ದೂ ಯೂಗೊದಲ್ಲಿ. ಅದಕ್ಕೇ ಹೀಗಾಯ್ತು," ಎಂದು ತೆರೆಜಾ ಹೇಳುವುದನ್ನು ಕೇಳುತ್ತಲೇ ಅವಳು ಬೆಳೆದದ್ದು.

"ಈಗ ಬೇಡ ವಿಂಕೊ," ಎಂದಳು. ದನಿ ಅವಳಿಗೇ ಒರಟಾಗಿ ಕೇಳಿಸಿತು. "ಈ ಗಾಳೀಲಿ ಇಂಥ ಮಾತು ಆಡಬಾರ್ದು. ಆಡಿದ್ರೂ ಲೆಕ್ಕಕ್ಕಿಲ್ಲ."

ವಿಂಕೊ ಅವಳನ್ನೇ ನೋಡಿದ. ನಿಧಾನವಾಗಿ ತಲೆಯಾಡಿಸಿದ. "ಸರಿ," ಎಂದು ಎದ್ದು ಹೋದ.

'ಗಾಳಿ ತಿರುಗಲಿ. ಬಿಸಿಲು ಬಂದ ದಿನ ಅವನು ಮತ್ತೆ ಕೇಳ್ತಾನೆ. ಆಗ ಹೂಂ ಅಂತೀನಿ... ಒಂದಲ್ಲ, ನೂರು ಸಲ!' ಅಂದುಕೊಂಡಳು ನೆವೆನಾ.

*

ಗಾಳಿ ತಿರುಗಿತು. ಬೆಳಗ್ಗೆ ಏಳುವಷ್ಟರಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು. ಮಧ್ಯಾಹ್ನಕ್ಕೆ ಮಯೆಸ್ತ್ರಾಲ್ ತಣ್ಣಗೆ ಬೀಸಿತು, ಊರಿನ ಎಲ್ಲ ಬಾಲ್ಕನಿಯಲ್ಲೂ ಬಟ್ಟೆ ಹಾರಾಡಿದವು. ನೆವೆನಾ ನೀಲಿ ರವಿಕೆ ತೊಟ್ಟು, ಕೂದಲು ಬಾಚಿ, ಅದು ಅತಿಯಾಯಿತೆಂದು ಮತ್ತೆ ಕೆದರಿಕೊಂಡು ಕಾದಳು.

ವಿಂಕೊ ಬಂದ. ಕೂರಲಿಲ್ಲ.

"ನೆವೆನಾ, ಆವತ್ತು ನಾನು ಹೇಳಿದ್ದನ್ನ ಮರೆತುಬಿಡು. ತಪ್ಪಾಯ್ತು. ನೀನು ಮುಜುಗರ ಪಟ್ಕೋಬೇಡ." ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. "ವಾಪಸ್ ಬರೋಕೆ ನಿಂಗೆ ಬಸ್ ಟಿಕೆಟ್. ಕಿಟಕಿ ಪಕ್ಕದ ಸೀಟು ಕೇಳಿ ತಗೊಂಡೆ."

ಪಾಪ, ಒಳ್ಳೆಯತನದಿಂದಲೇ ಮಾಡಿದ್ದ. ರಾತ್ರಿಯೆಲ್ಲ ಯೋಚಿಸಿದ್ದ. ಹುಡುಗಿ ಬೇಡ ಅಂದಿದ್ದಾಳೆ, ಮುಖಕ್ಕೆ ಹೊಡೆದ ಹಾಗೆ ಹೇಳಲಾರದೆ ಗಾಳಿಯ ನೆಪ ಹೇಳಿದ್ದಾಳೆ. ಇನ್ನೊಂದು ವಾರ ಒಂದೇ ದೋಣಿಯಲ್ಲಿ ಅವಳಿಗೆ ಹಿಂಸೆಯಾಗಬಾರದು...

ನೆವೆನಾಳ ಕಿವಿಗೆ ಬಿದ್ದದ್ದೇ ಬೇರೆ. ಬಿಸಿಲು ಬಂತು, ತಲೆ ನೆಟ್ಟಗಾಯಿತು, ಮಾತು ವಾಪಸ್ ತಗೊಂಡ! ಅಮ್ಮ ಹೇಳಿದ್ದು ಅಕ್ಷರಶಃ ನಿಜವಾಯಿತು.

"ಮರೆತೆ," ಎಂದಳು. "ಮರೆಯೋಕೆ ಅಂಥದ್ದೇನಿತ್ತು? ಇನ್ನೊಂದು ವಿಷಯ... ನಂಗೆ ಬೇರೆ ಕೆಲಸ ಬಂದಿದೆ. ತೀಸ್ನೊ ಊರಿನ ಬೊಜೊ ನಿನ್ನ ದೋಣಿ ಮುಟ್ಟಿಸ್ತಾನೆ. ಒಳ್ಳೆ ನಾವಿಕ."

"ನೀನು ಬರಲ್ವಾ?"

"ಇಲ್ಲ."

ಅವನ ಮುಖ ಬಿಳಿಚಿಕೊಂಡದ್ದನ್ನು ಅವಳು ನೋಡಲಿಲ್ಲ. ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಈರುಳ್ಳಿ ಹೆಚ್ಚಲು ಕೂತಳು. ಅಳುವುದಕ್ಕೆ ಅದಕ್ಕಿಂತ ಒಳ್ಳೆ ನೆಪ ಯಾವ ಊರಲ್ಲೂ ಇಲ್ಲ.

ಬೊಜೊಗೆ ಕೈಯಲ್ಲಿದ್ದ ಕೆಲಸ ಮುಗಿಸಿ ಬರಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಒಳ್ಳೆ ಗಾಳಿ ಕೈಬಿಟ್ಟಿತು. ಮತ್ತೆ ಮೋಡ, ಮತ್ತೆ ಯೂಗೊ. ಸೋಮವಾರ ಕೆಲಸಕ್ಕೆ ಸೇರಲೇಬೇಕಿದ್ದ ವಿಂಕೊ ದೋಣಿಯ ಬೀಗದ ಕೈಯನ್ನು ಶಿಮೆ ಮಾಮನಿಗೆ ಕೊಟ್ಟನಂತೆ. ಗಾಳಿ ತಿರುಗಿದಾಗ ಬೊಜೊ ತರಲಿ, ತಾನು ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎಂದನಂತೆ.

*

ಶನಿವಾರ ಬೆಳಗ್ಗೆ ನೆವೆನಾ ಒಂದೇ ಮೇಜುಬಟ್ಟೆಗೆ ಮೂರನೇ ಸಲ ಇಸ್ತ್ರಿ ಹಾಕುತ್ತಿದ್ದಳು. ಗಡಿಯಾರ ನೋಡುವಳು, ಕಿಟಕಿ ನೋಡುವಳು.

ಮೀನು ಹಸನು ಮಾಡುತ್ತಿದ್ದ ತೆರೆಜಾ ಚಾಕು ಕೆಳಗಿಟ್ಟಳು. "ಆ ಬಟ್ಟೆ ಸುಟ್ಟುಹೋಗುತ್ತೆ. ಏನಾಗಿದೆ ನಿಂಗೆ?"

"ಏನಿಲ್ಲ. ಯೂಗೊ."

"ನನ್ನ ಹತ್ರ ಯೂಗೊ ಅನ್ನಬೇಡ. ಅವನು ಏನಾದ್ರೂ ಕೇಳಿದ್ನಾ?"

ಅಷ್ಟೇ ಸಾಕಾಯಿತು. ಎಲ್ಲವೂ ಹೊರಬಂತು. ಮಾತು ಮುಗಿಸಿ ನೆವೆನಾ, "ನೀನು ಹೇಳಿದ್ದೇ ಸರಿ ಅಮ್ಮ. ಯೂಗೊದಲ್ಲಿ ಕೇಳಿದ, ಬಿಸಿಲಲ್ಲಿ ಬೇಡ ಅಂದ. ಅಪ್ಪನ ಹಾಗೇ," ಎಂದಳು.

ತೆರೆಜಾ ಕೈ ತೊಳೆದಳು. ಒರೆಸಿಕೊಂಡಳು. ಮತ್ತೆ ತೊಳೆದಳು.

"ನಿಮ್ಮಪ್ಪ ನನ್ನ ಕೇಳಿದ್ದು ಯೂಗೊದಲ್ಲಲ್ಲ."

"ಏನು?"

"ಆವತ್ತು ಎಲೆ ಅಲ್ಲಾಡ್ತಿರಲಿಲ್ಲ. ಸಮುದ್ರ ಎಣ್ಣೆ ಹುಯ್ದ ಹಾಗಿತ್ತು. ಅಂಥ ದಿನ ವರ್ಷಕ್ಕೊಂದು ಬರಲ್ಲ. ನನ್ನ ತಲೇನೂ ನೆಟ್ಟಗೇ ಇತ್ತು. ಎಲ್ಲ ಗೊತ್ತಿದ್ದೇ ಹೂಂ ಅಂದೆ." ತೆರೆಜಾಳ ದನಿ ಒಡೆಯಿತು. "ಅವನು ಹೋದ ಮೇಲೆ ಊರಿಗೆ ಏನು ಹೇಳಲಿ? ನಾನೇ ಕಣ್ಣಾರೆ ನೋಡಿ ಕೆಟ್ಟವನನ್ನ ಆರಿಸ್ಕೊಂಡೆ ಅನ್ನೋದಾ? ಗಾಳಿ ಮೇಲೆ ಹಾಕಿದೆ. ಗಾಳಿ ತಿರುಗಿ ಮಾತಾಡಲ್ವಲ್ಲ! ಹೇಳ್ತಾ ಹೇಳ್ತಾ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು... ನಿನ್ನ ಬದುಕಿಗೂ ಅದೇ ಅಡ್ಡ ಬರುತ್ತೆ ಅಂತ ಅಂದ್ಕೊಂಡಿರಲಿಲ್ಲ ಮಗಳೇ."

ನೆವೆನಾ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತೇ ಇದ್ದಳು. ಇಷ್ಟು ವರ್ಷ ಅವಳು ಕಾಲೂರಿ ನಿಂತಿದ್ದ ನೆಲ ಇದು. ಅದೇ ಅಲ್ಲಾಡಿತು. ಕೋಪ ಬಂತು. ಅಮ್ಮನನ್ನು ಬೈಯಬೇಕು ಅನ್ನಿಸಿತು. ಅಮ್ಮನ ಒದ್ದೆ ಕೈಗಳನ್ನು ನೋಡಿ ಬೈಯಲಾಗಲಿಲ್ಲ.

"ಹಾಗಾದ್ರೆ ನಿಜ ಯಾವುದು ಸುಳ್ಳು ಯಾವುದು ಅಂತ ಹೇಗೆ ತಿಳಿಯೋದಮ್ಮ?"

"ತಿಳಿಯಲ್ಲ ಕಣೆ. ಕೇಳ್ಬೇಕು. ನೀನು ಅವನಿಗೆ ಗಾಳಿ ವಿಷಯ ಬಿಡಿಸಿ ಹೇಳಿದ್ಯಾ?"

"ಅದನ್ನೂ ಯಾರಾದ್ರೂ ಬಿಡಿಸಿ ಹೇಳ್ತಾರಾ? ಎಲ್ರಿಗೂ ಗೊತ್ತಿರೋದೇ..."

ಎಲ್ರಿಗೂ? ಕುದುರೆ ಗಂಟು ಹಾಕಿ ದೋಣಿ ಕಟ್ಟಿದವನಿಗೆ?

ಇಸ್ತ್ರಿಪೆಟ್ಟಿಗೆಯನ್ನು ಅಮ್ಮನ ಕೈಗೆ ತುರುಕಿ ನೆವೆನಾ ಓಡಿದಳು.

*

ಚೌಕದಲ್ಲಿ ಬಸ್ಸು ಆಗಲೇ ಬಂದು ನಿಂತಿತ್ತು. ಸಂತೆಗೆ ಹೊರಟಿದ್ದ ಹೆಂಗಸರ ಸಾಲಿನ ಕೊನೆಯಲ್ಲಿ ವಿಂಕೊ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈ ಹಾರುವ ಕೋಟಿನ ಮೇಲೆ.

"ವಿಂಕೊ!"

ಅವನು ತಿರುಗಿದ. ಹೆಂಗಸರೂ ತಿರುಗಿದರು, ಒಬ್ಬರೂ ಬಿಡದೆ.

"ನಿಮ್ಮೂರಲ್ಲಿ... ಜೋರಾಗಿ ಗಾಳಿ ಬೀಸಿದ್ರೆ... ಏನು ಮಾಡ್ತೀರಿ?" ಏದುಸಿರು ಬಿಡುತ್ತಾ ಕೇಳಿದಳು.

"ಗಾಳಿ ಬೀಸಿದ್ರೆ? ಟೋಪಿ ಹಿಡ್ಕೋತೀವಿ." ವಿಂಕೊ ಗಾಬರಿಯಾದ. "ಯಾಕೆ? ಏನಾಯ್ತು? ದೋಣಿಗೆ ಏನಾದ್ರೂ...?"

"ಅಷ್ಟೇನಾ? ಟೋಪಿ ಹಿಡ್ಕೊಳ್ಳೋದು ಅಷ್ಟೇನಾ?"

"ಇನ್ನೇನು ಮಾಡ್ತಾರೆ ನೆವೆನಾ?"

ಅವಳು ನಕ್ಕಳು. ಅತ್ತಳು. ಎರಡನ್ನೂ ಒಟ್ಟಿಗೇ ಮಾಡಿದಳು. "ನಮ್ಮಲ್ಲಿ ಯೂಗೊ ಬೀಸುವಾಗ ಯಾವ ಮಾತಿಗೂ ಹೂಂ ಅನ್ನಲ್ಲ. ಉಹೂಂ ಅಂತಾನೂ ಅನ್ನಲ್ಲ. ಗಾಳಿ ತಿರುಗೋ ತನಕ ಕಾಯ್ತೀವಿ. ಆವತ್ತು ನಾನು ಬೇಡ ಅನ್ನಲಿಲ್ಲ ವಿಂಕೊ... ಈಗ ಬೇಡ ಅಂದೆ. ಬಿಸಿಲು ಬಂದ ದಿನ ನೀನು ಮತ್ತೆ ಕೇಳ್ತೀಯ ಅಂತ ಕಾದು ಕೂತಿದ್ದೆ."

"ನಾನು ಟಿಕೆಟ್ ತಂದೆ," ಎಂದ ವಿಂಕೊ. ಅವನ ಪೆಟ್ಟಿಗೆ ನೆಲಕ್ಕೆ ಬಿತ್ತು. "ದೇವರೇ... ಬಿಸಿಲಲ್ಲಿ ನಾನು ಟಿಕೆಟ್ ತಂದೆ!"

"ಅದೂ ಕಿಟಕಿ ಪಕ್ಕದ ಸೀಟು!"

"ಅಯ್ಯೋ ನನ್ನ ದಡ್ಡತನವೇ. ನೀನು ಬೇಡ ಅಂದೆ ಅಂದ್ಕೊಂಡೆ. ಮರೆತುಬಿಡು ಅಂದೆ, ನಾನು ಒಂದು ಗಳಿಗೆ ಮರೆತಿಲ್ಲ. ಗಾಳಿ ಯಾವಾಗ ತಿರುಗುತ್ತಂತೆ? ನಾನು ಕಾಯ್ತೀನಿ. ಈ ಬಸ್ಸು ಹೋಗ್ಲಿ. ಬಿಸಿಲು ಬಂದ ಕೂಡ್ಲೇ ಕೇಳ್ತೀನಿ..."

"ಕಾಯಬೇಡ," ಎಂದಳು ನೆವೆನಾ. "ಈಗ್ಲೇ ಕೇಳು."

"ಈ ಗಾಳೀಲಾ?"

"ಈ ಗಾಳೀಲೇ."

ಸಾಲಿನಲ್ಲಿದ್ದ ಮುದುಕಿಯೊಬ್ಬಳು ಶಿಲುಬೆಯ ಗುರುತು ಹಾಕಿಕೊಂಡಳು. "ಯೂಗೊದಲ್ಲಾ? ಹುಚ್ಚು ಹಿಡೀತಾ ಈ ಹುಡುಗೀಗೆ!"

"ಹಿಡಿದಿದೆ ಅಜ್ಜಿ, ನೀವು ಸುಮ್ನಿರಿ!" ಎಂದು ನೆವೆನಾ ಅವನ ಎರಡೂ ಕೈ ಹಿಡಿದುಕೊಂಡಳು. ತನ್ನ ಕೈ ನಡುಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು. ನಡುಗಲಿ, ಅವನು ನೋಡಲಿ.

ವಿಂಕೊ ಕೇಳಿದ. ಗಾಳಿಗೆ ಅರ್ಧ ಮಾತು ಹಾರಿಹೋಯಿತು, ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳ "ಹೂಂ" ಮಾತ್ರ ಚೌಕದ ಆ ತುದಿಯ ಬೇಕರಿಯವರೆಗೂ ಕೇಳಿಸಿತು!

"ರೀ, ಮದುವೆ ಮುಗೀತಾ? ಬಸ್ಸು ಹೊರಡ್ಬೇಕು!" ಎಂದು ಡ್ರೈವರ್ ಕೂಗಿದ.

"ನಾನು ಹೋಗಲ್ಲ," ಎಂದ ವಿಂಕೊ.

"ಹೋಗು. ಸೋಮವಾರ ಕುದುರೆಗಳು ನಿನ್ನ ಕಾಯ್ತಿರುತ್ವೆ. ಮೊದಲನೇ ದಿನವೇ ಡಾಕ್ಟ್ರು ಬರಲಿಲ್ಲ ಅಂದ್ರೆ ಚೆನ್ನಾಗಿರುತ್ತಾ?" ಅವಳು ಪೆಟ್ಟಿಗೆ ಎತ್ತಿ ಅವನ ಕೈಗೆ ಕೊಟ್ಟಳು. "ದೋಣಿ ನಾನು ತರ್ತೀನಿ."

"ಬೊಜೊ?"

"ಬೊಜೊ ಅವನ ಮನೇಲಿರಲಿ. ಮಾಮನ್ನ ಕರ್ಕೊಂಡು ಬರ್ತೀನಿ. ಅವರಿಗೂ ಇಸ್ಪೀಟು ಸಾಕಾಗಿದೆ. ಮಾಮ ಬಸ್ಸಲ್ಲಿ ವಾಪಸ್ ಬರ್ತಾರೆ."

"ಮತ್ತೆ ನೀನು?"

ಇಷ್ಟು ವರ್ಷ ಎಷ್ಟೋ ದೋಣಿಗಳನ್ನು ದಡ ಮುಟ್ಟಿಸಿದವಳು ಅವಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಆಗಾಗ ಅಮ್ಮನ್ನ ನೋಡೋಕೆ ಇಲ್ಲಿಗೆ ಬರ್ತೀನಿ. ನಿನ್ನೂ ಕರ್ಕೊಂಡು," ಎಂದಳು. "ಮನೆ ಮಾತ್ರ ಅಲ್ಲೇ."

ವಿಂಕೊ ಬಸ್ಸು ಹತ್ತಿದ. ಕಿಟಕಿಯ ಗಾಜು ಸರಿಸಿ ತಲೆ ಹೊರಗೆ ಹಾಕಿದ.

"ನೆವೆನಾ, ನಿಂಗೆ ಹೆದರಿಕೆ ಆಗ್ತಿಲ್ವಾ?"

"ಆಗ್ತಿದೆ. ತುಂಬಾ."

"ಮತ್ತೆ ಬೈಯಲೇ ಇಲ್ಲ?"

"ಬೈತೀನಿ ತಡಿ, ಮನೆಗೆ ಬಂದ ಮೇಲೆ."

"ಬೇಗ ಬಾ," ಎಂದ ಅವನು.